ರೋರಿ ಗ್ಯಾಲಗರ್: ಹಿಟ್ ಹಾಡು ಬೇಡವೆಂದ ಗಿಟಾರ್ ವಾದಕ

ಐರ್ಲೆಂಡಿನ ರೋರಿ ಗ್ಯಾಲಗರ್ 1970ರಲ್ಲಿ ‘ಟೇಸ್ಟ್’ ತಂಡ ಒಡೆದ ಮೇಲೆ ತನ್ನದೇ ಹೆಸರಿನಲ್ಲಿ ಬ್ಲೂಸ್ ರಾಕ್ ನುಡಿಸತೊಡಗಿದ. ಸಿಂಗಲ್‌ಗಳನ್ನು, ಅಂದರೆ ಬಿಡಿ ಹಾಡುಗಳನ್ನು, ಬಿಡುಗಡೆ ಮಾಡಲೊಪ್ಪದ ಹಟವೇ ಆತನ ಖ್ಯಾತಿಗೆ ಅಡ್ಡಿಯಾಯಿತು ಎನ್ನುವವರಿದ್ದಾರೆ. ಮಾರುಕಟ್ಟೆಯ ಲೆಕ್ಕದಲ್ಲಿ ಆ ಮಾತು ನಿಜವಿರಬಹುದು. ಆದರೆ ಆತನ ಸಂಗೀತ ಮೂರು ನಿಮಿಷಕ್ಕೆ ಕತ್ತರಿಸುವಂಥದ್ದಲ್ಲ. ಕೇಳುಗರೆದುರು, ಆ ಗಳಿಗೆಯಲ್ಲೇ ಬೆಳೆಯುವಂಥದ್ದು. ಬಾಂಬುಗಳು ಸಿಡಿಯುತ್ತಿದ್ದ ಬೆಲ್‌ಫಾಸ್ಟ್‌ಗೆ ಹೊರಗಿನ ಕಲಾವಿದರು ಬರಲು ಅಂಜುತ್ತಿದ್ದ ವರ್ಷಗಳಲ್ಲೂ ಆತ ಅಲ್ಲಿಗೆ ಮತ್ತೆ ಮತ್ತೆ ಹೋದ. ‘ಐರಿಷ್ ಟೂರ್ ’74’ ಧ್ವನಿಮುದ್ರಣದಲ್ಲಿ ಆ ದಿನಗಳ ಕಾವು ಇಂದಿಗೂ ಕೇಳುತ್ತದೆ. ಸ್ಟುಡಿಯೊದಲ್ಲಿ ಅದು ಹುಟ್ಟುತ್ತಿರಲಿಲ್ಲ. 1975ರಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ನುಡಿಸಿ ನೋಡಿದ ಮೇಲೂ, ಜಪಾನಿನಲ್ಲಿ ಮೊದಲೇ ಒಪ್ಪಿಕೊಂಡಿದ್ದ ಕಛೇರಿಗಳಿಗೇ ಹೊರಟ. ಅದನ್ನು ಕೈತಪ್ಪಿದ ಅವಕಾಶ ಎನ್ನಲು ನನಗೆ ಮನಸ್ಸಿಲ್ಲ. ಆ ದೊಡ್ಡ ತಂಡ ಸೇರಿದ್ದರೆ ಆತ ಎರಡನೆಯ ಗಿಟಾರ್ ಆಗಿರುತ್ತಿದ್ದ. ತನ್ನ ಕಛೇರಿಗಳಲ್ಲಿ ಹಾಡೂ ತನ್ನದು, ದಾರಿಯೂ ತನ್ನದು.