ನಿಮಗಿದು ಗೊತ್ತೆ? ಬೆಳಗಾವಿಯೊಳಗೊಂದು ಇಂಗ್ಲಿಷ್ ಪೇಟೆ

1818ರಲ್ಲಿ ಬೆಳಗಾವಿ ಕೋಟೆ ಗೆದ್ದ ಬ್ರಿಟಿಷರು, 1832ರಲ್ಲಿ ಅದರ ಪಕ್ಕದಲ್ಲೇ ಕಂಟೋನ್ಮೆಂಟ್ ಕಟ್ಟಿದರು. ಜನರ ಬಾಯಲ್ಲಿ ಅದು ಇಂದಿಗೂ ‘ಕ್ಯಾಂಪ್’. ಸುಮಾರು 750 ಮೀಟರ್ ಎತ್ತರದ ತಂಪು ಹವೆ ಅವರಿಗೆ ಹಿಡಿಸಿತ್ತು. ಖಾನಾಪುರದ ಕಾಡು ದಾಟಿದರೆ ಆಗ ಪೋರ್ಚುಗೀಸರ ಗೋವಾ; ಅದರ ಮೇಲೆ ಕಣ್ಣಿಡಲೂ ಈ ಜಾಗ ಅನುಕೂಲವಾಗಿತ್ತು. ಹೆಂಚಿನ ಬಂಗಲೆಗಳು, ವಿಶಾಲ ಅಂಗಳ, ಹೈಸ್ಟ್ರೀಟ್ ಎಂಬ ಅಂಗಡಿಬೀದಿ, 1856ರ ಸೇಂಟ್ ಪಾಲ್ಸ್ ಶಾಲೆ ಇಲ್ಲಿವೆ. 1869ರ ಸೇಂಟ್ ಮೇರಿ ಚರ್ಚಿನ ಗಾಥಿಕ್ ಕಲ್ಲುಗೆಲಸವಂತೂ ನಿಂತು ನೋಡುವಂಥದ್ದು. ಬೆಂಗಳೂರಿನ ದಂಡು ಪ್ರದೇಶ 1949ರಲ್ಲೇ ನಗರಪಾಲಿಕೆಯಲ್ಲಿ ಬೆರೆಯಿತು. ಬೆಳಗಾವಿಯದು ಆಮೇಲೂ ದಶಕಗಟ್ಟಲೆ ರಕ್ಷಣಾ ಸಚಿವಾಲಯದಡಿಯ ಮಂಡಳಿಯ ಆಡಳಿತದಲ್ಲಿ ಉಳಿಯಿತು. ಇಲ್ಲಿನ ಹಳೆಯ ಬಂಗಲೆ, ಮರಗಳನ್ನು ದಯವಿಟ್ಟು ಉಳಿಸಿಕೊಳ್ಳೋಣ.