ಹಸಿರು ಕಂಡ್ರೆ ಕಾಡಾ?

2019ರ ಫೆಬ್ರವರಿ ನೆನಪಿದೆಯಾ ವೀಕ್ಷಕರೇ? ಬಂಡೀಪುರ ಹೊತ್ತಿ ಉರಿದ ವಾರ. ನಾವೂ ಸೇರಿದ ಹಾಗೆ ಎಲ್ಲ ಚಾನೆಲ್‌ಗಳಲ್ಲೂ ಬೆಂಕಿಯೇ ಬೆಂಕಿ. ಸ್ಕ್ರೀನ್ ಮೇಲೆ ಒಂದೇ ಪ್ರಶ್ನೆ: ಎಷ್ಟು ಸಾವಿರ ಎಕರೆ? ವಾಯುಪಡೆಯ ಹೆಲಿಕಾಪ್ಟರ್ ಬಂತು, ನೀರು ಸುರಿಯಿತು, ಬೆಂಕಿ ಆರಿತು. ಕ್ಯಾಮೆರಾಗಳೂ ವಾಪಸ್ ಬಂದವು. ಮಳೆ ಬಿದ್ದ ಮೇಲೆ ಅದೇ ಜಾಗ ಹಸಿರಾಯ್ತು, ಸದ್ಯ ಕಾಡು ಉಳೀತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಹಸಿರಾದದ್ದು ಏನು? ಮರವಾ, ಪೊದೆಯಾ? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮಲ್ಲಿ ತುಂಬಾ ಜನ ಗುಂಡ್ಲುಪೇಟೆ ದಾಟಿ ಬಂಡೀಪುರದ ಮೇಲೆ ಊಟಿಗೆ ಹೋಗಿರ್ತೀರಿ. ಗಡಿ ದಾಟಿದರೆ ತಮಿಳುನಾಡಿನ ಮುದುಮಲೆ. ಆಸ್ಕರ್ ಗೆದ್ದ ಆನೆ ಸಾಕ್ಷ್ಯಚಿತ್ರದ ಊರು ತೆಪ್ಪಕಾಡಿನಲ್ಲಿ ರಸ್ತೆ ಕವಲೊಡೆಯುತ್ತೆ: ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ. ಗೂಡಲೂರಿನ ಕಡೆ ಮರಗಳು ಎತ್ತರ, ನೆರಳು ದಟ್ಟ. ಮಸಿನಗುಡಿ ದಾಟಿ ಪೂರ್ವಕ್ಕೆ ಹೋಗ್ತಾ ಹೋಗ್ತಾ ಮರ ಕುಳ್ಳಾಗುತ್ತೆ, ಜಾಲಿ, ಕಗ್ಗಲಿ, ಮುಳ್ಳು ಶುರುವಾಗುತ್ತೆ. ನೈಋತ್ಯ ಮುಂಗಾರು ಪಶ್ಚಿಮದಲ್ಲಿ ಸುರಿದು, ಬೆಟ್ಟ ದಾಟುವಷ್ಟರಲ್ಲಿ ಬರಿದಾಗುತ್ತೆ. ಕೆಲವೇ ಕಿಲೋಮೀಟರ್‌ಗಳಲ್ಲಿ ಮಳೆ ಅರ್ಧಕ್ಕೂ ಕಡಿಮೆ ಆಗುತ್ತೆ. ಒಂದಕ್ಕೊಂದು ತಾಗಿಕೊಂಡ ಕಾಡುಗಳು, ಮ್ಯಾಪ್‌ನಲ್ಲಿ ಎಲ್ಲಕ್ಕೂ ಒಂದೇ ಹಸಿರು ಬಣ್ಣ. ಆದರೆ ಮರಗಳ ಜಾತಿ ಬೇರೆ, ಮೈಕಟ್ಟು ಬೇರೆ.

ಈ ವ್ಯತ್ಯಾಸ ತಿಳಿಯಬೇಕಂದ್ರೆ ನೆಲದ ಮೇಲೆ ನಿಂತು ಎಣಿಸಬೇಕು. ಹಾಗೆ ಎಣಿಸಿದವರಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ತಂಡ 1988ರಲ್ಲಿ ಮುದುಮಲೆಯಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿಕೊಂಡಿತು. ಎದೆಮಟ್ಟದಲ್ಲಿ ಒಂದು ಸೆಂಟಿಮೀಟರ್ ದಪ್ಪ ಇರುವ ಪ್ರತಿ ಗಿಡಕ್ಕೂ ಒಂದು ನಂಬರ್. ಒಂದು ಸೆಂಟಿಮೀಟರ್ ಅಂದ್ರೆ ಬೆರಳು ಗಾತ್ರ! ಸುಮಾರು 25 ಸಾವಿರ ಗಿಡಮರ, 70ರ ಆಸುಪಾಸಿನಷ್ಟು ಜಾತಿ. ಮತ್ತಿ, ದಿಂಡಿಗ, ನಂದಿ, ತೇಗ, ಕಕ್ಕೆ, ನೆಲ್ಲಿ... ನಮ್ಮ ಅಜ್ಜಂದಿರಿಗೆ ಹೆಸರು ಹೇಳಿಕೊಡಬೇಕಾಗಿರಲಿಲ್ಲ.

ಪನಾಮಾ ದೇಶದ ಬ್ಯಾರೊ ಕೊಲೊರಾಡೊ ಎಂಬ ದ್ವೀಪದ ಮಳೆಕಾಡಿನಲ್ಲೂ ಇಷ್ಟೇ ಜಾಗ ಅಳೆದಿದ್ದಾರೆ. ಅಲ್ಲಿ ಸುಮಾರು 300 ಜಾತಿ, ಎರಡು ಲಕ್ಷಕ್ಕೂ ಮಿಕ್ಕಿದ ಗಿಡಮರ. ಹಾಗಾದರೆ ನಮ್ಮ ಒಣ ಕಾಡು ಬಡವಾ? ಹಾಗೆ ನೋಡಬಾರದು. ಆರು ತಿಂಗಳು ನೀರಿಲ್ಲದೆ, ಎಲೆ ಉದುರಿಸಿಕೊಂಡು, ಬೆಂಕಿ ತಡೆದುಕೊಂಡು, ಆನೆಗಳ ಹೊಟ್ಟೆ ತುಂಬಿಸಿ ಬದುಕೋ ಮರಗಳು ಇವು. ಅವುಗಳ ಲೆಕ್ಕವೇ ಬೇರೆ.

ಜಾತಿ ಎಷ್ಟು ಅನ್ನೋದು ಒಂದು ಲೆಕ್ಕ. ವಯಸ್ಸು ಯಾವುದು ಅನ್ನೋದು ಇನ್ನೊಂದು, ಅದನ್ನೇ ನಾವು ಮರೆಯೋದು. ನಮ್ಮ ಹಳ್ಳಿಗಳನ್ನೇ ತಗೊಳ್ಳಿ. ಬಾಗಿಲು ತೆರೆದ ಮನೆಗಳಿವೆ, ಜಗಲಿ ಮೇಲೆ ಅಜ್ಜ-ಅಜ್ಜಿ ಇದ್ದಾರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಶಾಲೆ ಮುಚ್ಚಿದೆ. ಊರು ಇದೆ ಅನ್ನಬೇಕಾ, ಇಲ್ಲ ಅನ್ನಬೇಕಾ? ಕಾಡಿಗೂ ಅಜ್ಜ, ಮಗ, ಮೊಮ್ಮಗ ಮೂರೂ ಇರಬೇಕು. ಒಣ ಕಾಡಿನಲ್ಲಿ ಬೆಂಕಿ ಬಿದ್ದಾಗ ದಪ್ಪ ತೊಗಟೆಯ ಅಜ್ಜ ಉಳೀತಾನೆ. ಬೆರಳು ಗಾತ್ರದ ಮೊಮ್ಮಗ ನೆಲಮಟ್ಟಕ್ಕೆ ಸುಟ್ಟುಹೋಗ್ತಾನೆ. ಬೇರು ಬದುಕಿದ್ದರೆ ಮಳೆಗೆ ಮತ್ತೆ ಚಿಗುರುತ್ತೆ. ಆದರೆ ವರ್ಷ ಬಿಟ್ಟು ವರ್ಷ ಬೆಂಕಿ ಬಿದ್ದರೆ? ಎದೆಮಟ್ಟಕ್ಕೆ ಬೆಳೆಯೋದೇ ಇಲ್ಲ.

ಬೆಂಕಿ ಒಂದೇ ಅಲ್ಲ. ಮುದುಮಲೆಯ ಆ ಮೊದಲ ಎಣಿಕೆಯಲ್ಲಿ ಬೆಂಡೆ ಮರ ಸಾವಿರಗಟ್ಟಲೆ ಇತ್ತು. ಆನೆಗಳಿಗೆ ಅದು ಬಲು ಇಷ್ಟ. ಮುರಿದು, ಸಿಗಿದು ತಿಂದವು. ಕೆಲವೇ ವರ್ಷಗಳಲ್ಲಿ ಅದರ ಸಂಖ್ಯೆ ಪಾತಾಳಕ್ಕಿಳಿಯಿತು. ದೂರದಿಂದ ನೋಡಿದ್ದರೆ ಕಾಡು ಅದೇ ಕಾಡು. ನಂಬರ್ ಹಾಕಿದ್ದಕ್ಕೆ ಗೊತ್ತಾಯ್ತು.

ಇನ್ನು ಸರ್ಕಾರದ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿ ಬಂದಾಗಲೆಲ್ಲ ‘ಅರಣ್ಯ ಹೆಚ್ಚಾಯ್ತು’ ಅಂತ ನಾವು ಬ್ರೇಕಿಂಗ್ ಹಾಕ್ತೀವಲ್ಲ, ಅಲ್ಲಿ ಅರಣ್ಯ ಹೊದಿಕೆ ಅಂದ್ರೆ ಏನು ಗೊತ್ತಾ? ಒಂದು ಹೆಕ್ಟೇರ್ ಅಥವಾ ಹೆಚ್ಚಿನ ಜಾಗ, ಅದರಲ್ಲಿ ಕನಿಷ್ಠ ಶೇಕಡ 10ರಷ್ಟು ಮರದ ನೆರಳು. ಯಾವ ಮರ, ಯಾರ ಜಮೀನು ಅನ್ನೋ ಪ್ರಶ್ನೆ ಇಲ್ಲ. ತೆಂಗಿನ ತೋಟವೂ ಬರುತ್ತೆ, ಕಾಫಿ ತೋಟವೂ ಬರುತ್ತೆ. ಅದು ಸುಳ್ಳು ಲೆಕ್ಕ ಅಂತ ನಾನು ಹೇಳ್ತಿಲ್ಲ, ಉಪಗ್ರಹಕ್ಕೆ ಕಾಣೋದು ನೆತ್ತಿ ಮಾತ್ರ. ಮತ್ತಿ ಮರದ ಬುಡದಲ್ಲಿ ಇರೋದು ಮತ್ತಿಯ ಮರಿಯೋ, ಲಂಟಾನ ಪೊದೆಯೋ, ಅದಕ್ಕೆ ಹೇಗೆ ತಿಳಿಬೇಕು?

ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ಬಂದ ಗಿಡ ಈ ಲಂಟಾನ. ಬಂಡೀಪುರ, ಮುದುಮಲೆ, ಪಕ್ಕದ ಬಿಳಿಗಿರಿರಂಗನ ಬೆಟ್ಟ, ಎಲ್ಲ ಕಡೆ ಹಬ್ಬಿದೆ. ಅದರ ಕೆಳಗೆ ಮರದ ಮರಿಗೆ ಬೆಳಕಿಲ್ಲ, ಜಿಂಕೆಗೆ ಹುಲ್ಲಿಲ್ಲ. ಬೇಸಿಗೆಯಲ್ಲಿ ಅದಕ್ಕೇ ಬೆಂಕಿ ಬಿದ್ದರೆ ಜ್ವಾಲೆ ಮರದ ನೆತ್ತಿಗೆ ಹತ್ತುತ್ತೆ. ಬೆಟ್ಟದ ಸೋಲಿಗರು ಹೇಳೋದು ಬೇರೆ: ಹಿಂದೆ ನಾವು ಬೇಸಿಗೆಯ ಮೊದಲೇ ತರಗು ಬೆಂಕಿ ಹಾಕ್ತಿದ್ವಿ, ಒಣ ಎಲೆ ಮಾತ್ರ ಸುಡ್ತಿತ್ತು, ಅದು ನಿಂತ ಮೇಲೆ ಲಂಟಾನ ಹೆಚ್ಚಾಯ್ತು ಅಂತ. ಅರಣ್ಯ ಇಲಾಖೆಯದು ಇನ್ನೊಂದು ವಾದ: ಯಾವ ಬೆಂಕಿಯಾದರೂ ಮರಿ ಸುಡುತ್ತೆ. ನನ್ನ ಕೇಳಿದರೆ, ಗೂಡಲೂರು ಕಡೆಯ ಒದ್ದೆ ಕಾಡಿಗೂ ಮಸಿನಗುಡಿಯ ಮುಳ್ಳು ಕಾಡಿಗೂ ಒಂದೇ ಆದೇಶ ಹೊರಡಿಸೋದು ತಪ್ಪು. ಎಲ್ಲಿ, ಯಾವ ತಿಂಗಳು, ಎಷ್ಟು ವರ್ಷಕ್ಕೊಮ್ಮೆ ಅಂತ ಕಾಡು ಕಾಡಿಗೂ ಬೇರೆ ಬೇರೆಯಾಗಿ ತೀರ್ಮಾನಿಸಬೇಕು. ಆ ಟೇಬಲ್‌ನಲ್ಲಿ ಸೋಲಿಗರಿಗೂ ಒಂದು ಕುರ್ಚಿ ಬೇಕು.

ಮುಂದಿನ ಸಲ ಬಂಡೀಪುರದಲ್ಲಿ ಸಫಾರಿಗೆ ಹೋದಾಗ ಹುಲಿ ಕಾಣದೇ ಇರಬಹುದು, ಹೆಚ್ಚಿನ ಸಲ ಕಾಣೋದಿಲ್ಲ. ಆಗ ದೊಡ್ಡ ಮತ್ತಿ ಮರವೊಂದರ ಬುಡ ನೋಡಿ. ಮೊಣಕಾಲೆತ್ತರದ್ದು ಇದೆಯಾ, ಎದೆಯೆತ್ತರದ್ದು ಇದೆಯಾ, ತೋಳು ದಪ್ಪದ್ದು ಇದೆಯಾ ಅಂತ. ಜೀಪ್ ಡ್ರೈವರ್ ‘ಏನ್ ಸಾರ್ ಹುಡುಕ್ತಿದೀರಾ?’ ಅಂದ್ರೆ, ಮರದ ಮೊಮ್ಮಕ್ಕಳನ್ನ ಅಂತ ಹೇಳಿ.