ಇಳಿಸಿಕೊಳ್ಳುವವರೇ ಹಂಚುವವರು

ಟೊರೆಂಟ್ ಎಂದೊಡನೆ ಕದ್ದ ಸಿನಿಮಾ ಎಂದೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಹಂಚಿಕೆಯ ಒಂದು ವಿಧಾನ ಮಾತ್ರ. 2001ರಲ್ಲಿ ಅಮೆರಿಕದ ಬ್ರಾಮ್ ಕೋಹೆನ್ ಇದನ್ನು ರೂಪಿಸಿದರು.

ಸಾಮಾನ್ಯವಾಗಿ ಒಂದು ವೀಡಿಯೊ ಎಲ್ಲರಿಗೂ ಸರ್ವರ್‌ನಿಂದಲೇ ಹೋಗಬೇಕು. ಕೇಳುವವರು ಹೆಚ್ಚಿದಂತೆ ಅದರ ಹೊರೆಯೂ ಖರ್ಚೂ ಏರುತ್ತದೆ. ಟೊರೆಂಟ್‌ನಲ್ಲಿ ಫೈಲು ಸಣ್ಣ ತುಂಡುಗಳಾಗುತ್ತದೆ. ನಮಗೆ ತಲುಪಿದ ತುಂಡನ್ನು ನಮ್ಮ ಕಂಪ್ಯೂಟರೇ ಇನ್ನೊಬ್ಬರಿಗೆ ದಾಟಿಸುತ್ತದೆ. ನಮ್ಮಲ್ಲಿಲ್ಲದ್ದು ಮತ್ತೊಬ್ಬರಿಂದ ಬರುತ್ತದೆ. ದಾವತ್ತಿನಲ್ಲಿ ಉಣ್ಣುತ್ತಿರುವವರೇ ಪಕ್ಕದವರಿಗೂ ಬಡಿಸಿದ ಹಾಗೆ. ದಾರಿಯಲ್ಲಿ ಕೆಟ್ಟ ತುಂಡು ‘ಹ್ಯಾಶ್’ ಎಂಬ ಗುರುತಿಗೆ ತಾಳೆಯಾಗದೆ ತಿರಸ್ಕೃತವಾಗುತ್ತದೆ. ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ 2012ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಧ್ವನಿಮುದ್ರಣ, ಚಿತ್ರಗಳನ್ನು ಹೀಗೆಯೇ ಒದಗಿಸಿತು.

ಆದರೆ ‘ನೋಡಲೆಂದು ಇಳಿಸಿಕೊಂಡೆ, ಯಾರಿಗೂ ಕೊಟ್ಟಿಲ್ಲ’ ಎನ್ನುವ ನಮ್ಮ ಮಕ್ಕಳ ಮಾತು ಇಲ್ಲಿ ನಿಲ್ಲದು. ಇಳಿಸುವಾಗಲೇ ಹಂಚಿಕೆಯೂ ನಡೆದಿರುತ್ತದೆ, ಬಹಳ ಸಲ ಅವರ ಅರಿವಿಗೇ ಬಾರದೆ. ನಮ್ಮ ಐಪಿ ವಿಳಾಸವೂ ಜೊತೆಗಿರುವವರಿಗೆ ಕಾಣುತ್ತದೆ. ಅನುಮತಿಯಿಲ್ಲದ ಸಿನಿಮಾವನ್ನು ಗೊತ್ತಿದ್ದೂ ಹಂಚಿದವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಡಿ 3 ವರ್ಷಗಳವರೆಗೆ ಜೈಲು ಆಗಬಹುದು. ಕಾನೂನಷ್ಟೇ ಅಲ್ಲ, 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯೂ ಲೇಖಕರ, ಆವಿಷ್ಕಾರಕರ ಹಕ್ಕು ಶರೀಅತ್ತಿನಲ್ಲಿ ಸಂರಕ್ಷಿತವೆಂದು ನಿರ್ಣಯಿಸಿದೆ.

ಹಕ್ಕುದಾರರೇ ಹಂಚಲು ಬಿಟ್ಟ ಪ್ರವಚನ, ಪುಸ್ತಕಗಳ ಮಾತು ಬೇರೆ. ಅವು ಪೂರ್ತಿ ಇಳಿದ ಮೇಲೂ ಸ್ವಲ್ಪ ಹೊತ್ತು ಟೊರೆಂಟನ್ನು ತೆರೆದಿಡೋಣ; ಎಲ್ಲರೂ ಮುಚ್ಚಿ ಎದ್ದರೆ ತಡವಾಗಿ ಬಂದವರಿಗೆ ಒಂದು ತುಂಡೂ ಸಿಗುವುದಿಲ್ಲ.